ಹಿಡಿಸೂಡಿ ಕಡ್ಡಿಯ ಟೀಚರ್

ಶಾಲೆಗೆ ಹೊಸ ಹಿಡಿಸೂಡಿ ಬಂದ ದಿನ ನಮ್ಮ ಗಣಿತದ ಟೀಚರ್ ಸ್ಟಾಫ್ ರೂಮಿನಿಂದ ಬೇಗ ಹೊರಗೆ ಬರುತ್ತಿದ್ದರು. ತೆಂಗಿನ ಗರಿಯ ಕಡ್ಡಿಗಳನ್ನು ಬಿಗಿಯಾಗಿ ಕಟ್ಟಿದ ಆ ಕಟ್ಟಿನಿಂದ ಒಂದೊಂದೇ ಕಡ್ಡಿ ಎಳೆದು, ಮುಖದ ಹತ್ತಿರ ಹಿಡಿದು, ಒಂದು ಕಣ್ಣು ಮುಚ್ಚಿ ಅದರ ಉದ್ದಕ್ಕೂ ನೋಡುತ್ತಿದ್ದರು. ನೆಟ್ಟಗಿದ್ದರೆ ಅದು ಅವರ ಕೊಡೆಯ ಮಡಿಕೆಯೊಳಗೆ ಹೋಗುತ್ತಿತ್ತು. ಓರೆಯಾಗಿದ್ದರೆ ಮರಳಿ ಕಟ್ಟಿಗೆ.

"ಟೀಚರೇ, ನೀವು ಹೀಗೆ ಎಳೆಯುತ್ತಾ ಹೋದರೆ ನಾನು ಗುಡಿಸುವುದು ಎಂತದರಲ್ಲಿ? ಬೆರಳಲ್ಲಾ?" ಎಂದು ಪಿಯೋನ್ ಗೊಣಗುತ್ತಿದ್ದರು.

"ಓರೆ ಇದ್ದದ್ದನ್ನೆಲ್ಲ ನಿಮಗೇ ಬಿಟ್ಟಿದ್ದೇನಲ್ಲ ಮಾರಾಯ್ರೆ. ಕಸಕ್ಕೆ ನೆಟ್ಟಗಿನ ಕಡ್ಡಿ ಯಾಕೆ?"

ಕಡ್ಡಿಗಳನ್ನು ಜೋಡಿಸಲು ಅವರಿಗೆ ಸೈಕಲ್ಲಿನ ವಾಲ್ವ್ ಟ್ಯೂಬ್ ಬೇಕಿತ್ತು. ಆ ಸಣ್ಣ ರಬ್ಬರ್ ನಳಿಕೆಯ ತುಂಡೊಂದರ ಎರಡು ತುದಿಗೂ ಒಂದೊಂದು ಕಡ್ಡಿ ತೂರಿಸಿದರೆ ಬೇಕಾದತ್ತ ಬಾಗುವ ಮೂಲೆಯೊಂದು ಸಿದ್ಧ. ಕಾಪು ಪೇಟೆಯ ಸೈಕಲ್ ಶಾಪಿನ ಬ್ಯಾರಿ ಕಾಕ ಅದನ್ನು ಅಳೆದು ಕೊಡುತ್ತಾ ಪ್ರತಿ ಸಲವೂ ಕೇಳುತ್ತಿದ್ದರಂತೆ: "ಇಷ್ಟು ವರ್ಷದಿಂದ ಟ್ಯೂಬ್ ತೆಗೊಂಡು ಹೋಗ್ತೀರಿ ಟೀಚರೇ. ನಿಮ್ಮ ಸೈಕಲ್ಲನ್ನು ಒಂದು ದಿನ ಆದ್ರೂ ತೋರಿಸಿ ಅಲ್ವಾ!"

ಟೀಚರಿಗೆ ಸೈಕಲ್ ಬರುತ್ತಿರಲಿಲ್ಲ. ಕಾರ್ಕಳದ ಕಡೆಯ ಕೊಂಕಣಿ ಕ್ರಿಶ್ಚಿಯನ್ ಕುಟುಂಬದವರು. ಮದುವೆಯಾಗಿರಲಿಲ್ಲ. ವಾರವಿಡೀ ಕಾಪುವಿನಲ್ಲಿ ಒಂದು ಬಾಡಿಗೆ ಕೋಣೆಯಲ್ಲಿದ್ದು, ಶನಿವಾರ ಮಧ್ಯಾಹ್ನದ ಬಸ್ಸಿಗೆ ಊರಿನ ತಾಯಿಯ ಹತ್ತಿರ ಹೋಗುತ್ತಿದ್ದರು. ಗಿಡ್ಡ ಆಳು. ಬಲಗೈ ಕಿರುಬೆರಳಿನ ಉಗುರಿನ ಸಂದಿಯಲ್ಲಿ ಯಾವಾಗಲೂ ಸೀಮೆಸುಣ್ಣ. ನಮಗೆ ಕನ್ನಡದಲ್ಲಿ ಪಾಠ ಹೇಳುತ್ತಿದ್ದರೂ ಬೋರ್ಡಿನ ಮೇಲೆ ಅಳೆಯುವಾಗ ಮಾತ್ರ ಬಾಯೊಳಗೇ ಕೊಂಕಣಿಯಲ್ಲಿ ಎಣಿಸುತ್ತಿದ್ದರು. ಏಕ್, ದೋನ್, ತೀನ್. ಅವರು ಎಣಿಸುವಾಗ ನಾವೂ ಉಸಿರು ಬಿಗಿಹಿಡಿದು ಕೂರುತ್ತಿದ್ದೆವು.

ಒಂಬತ್ತನೆಯ ತರಗತಿಯಲ್ಲಿ ಅವರು ಹಾಗೆ ಜೋಡಿಸಿದ ನಾಲ್ಕು ಕಡ್ಡಿಗಳನ್ನು ಮೊದಲ ಸಲ ಹೊರತೆಗೆದದ್ದು ನನಗೆ ಸ್ಪಷ್ಟವಾಗಿ ನೆನಪಿದೆ. ಎರಡು ಉದ್ದದವು, ಎರಡು ಗಿಡ್ಡದವು. ಮೇಜಿನ ಮೇಲೆ ನಿಲ್ಲಿಸಿದಾಗ ಆಯತ. ಮೇಲಿನ ಕಡ್ಡಿಯನ್ನು ಕಿರುಬೆರಳಿನಿಂದ ಮೆಲ್ಲಗೆ ತಳ್ಳಿದರು. ಚೌಕಟ್ಟು ಬಲಕ್ಕೆ ವಾಲಿ ಸಮಾಂತರ ಚತುರ್ಭುಜವಾಯಿತು. ಇನ್ನೂ ತಳ್ಳಿದರು. ಅದು ವಾಲಿ ವಾಲಿ, ಕೊನೆಗೆ ನಾಲ್ಕೂ ಕಡ್ಡಿಗಳು ಒಂದರ ಮೇಲೊಂದು ಮಲಗಿ ಬರೀ ಒಂದು ಗೆರೆಯಷ್ಟೇ ಉಳಿಯಿತು.

"ಯಾವ ಕಡ್ಡಿಯಾದರೂ ಗಿಡ್ಡ ಆಯಿತಾ?"

"ಇಲ್ಲ ಟೀಚರ್."

"ಮತ್ತೆ ಒಳಗೆ ಇದ್ದ ಜಾಗ ಎಲ್ಲಿ ಹೋಯಿತು?"

"ಮನೆಗೆ ಹೋಗಿ ಯೋಚನೆ ಮಾಡಿ" ಎಂದು ಕಡ್ಡಿಗಳನ್ನು ಕೊಡೆಯೊಳಗೆ ಇಟ್ಟುಕೊಂಡು ಹೋದರು. ಎರಡು ದಿನ ಬಿಟ್ಟು, ವಿಸ್ತೀರ್ಣ ಬಾಹುಗಳಿಂದ ಬರುವುದಲ್ಲ, ಪಾದ ಮತ್ತು ಎತ್ತರದಿಂದ ಬರುವುದು ಎಂದು ಸಾಧಿಸಿದರು. ಆ ಎರಡು ದಿನ ನಾನು ಊಟ ಮಾಡುವಾಗಲೂ ಆ ಜಾಗ ಎಲ್ಲಿ ಹೋಯಿತು ಎಂದು ಹುಡುಕುತ್ತಿದ್ದೆ. ಗಣಿತ ಓದಬೇಕೆಂದು ನನಗೆ ಅನಿಸಿದ್ದು ಆಗಲೇ.

ರೇಖಾಗಣಿತದ ಪ್ರತಿ ಲೆಕ್ಕಕ್ಕೂ ನಾವು ಮೊದಲು 'ದತ್ತ' ಎಂದು ಬರೆದು ಕೊಟ್ಟಿರುವ ವಿಷಯವನ್ನು, ಆಮೇಲೆ 'ಸಾಧನೀಯ' ಎಂದು ಬರೆದು ಸಾಧಿಸಬೇಕಾದ ವಿಷಯವನ್ನು ಹೇಳಬೇಕಿತ್ತು. ಟೀಚರ್ ಇದನ್ನು ತರಗತಿಯ ಹೊರಗೂ ಬಿಡುತ್ತಿರಲಿಲ್ಲ. ಕಿಟಕಿಯ ಗಾಜು ಒಡೆದ ಹುಡುಗರು ಒಬ್ಬರ ಮೇಲೊಬ್ಬರು ದೂರು ಹೇಳಲು ಬಂದರೆ, "ದತ್ತ ಮೊದಲು ಹೇಳಿ. ಸಾಧನೀಯ ಮತ್ತೆ ನೋಡುವ" ಎನ್ನುತ್ತಿದ್ದರು. ಇನ್ನೊಂದು ಮಾತನ್ನು ವಾರಕ್ಕೆ ಒಮ್ಮೆಯಾದರೂ ಹೇಳುತ್ತಿದ್ದರು: "ಚಿತ್ರ ಬಿಡಿಸಿ, ಆದರೆ ನಂಬಬೇಡಿ. ನೀವು ಎಂತ ಆಸೆ ಪಡ್ತೀರೋ ಚಿತ್ರ ಹಾಗೇ ಬಗ್ಗುತ್ತದೆ."

ವಾರಿಜ ಕೊನೆಯ ಬೆಂಚಿನವಳು. ಕಾಪು ಪಡುವಿನ ಮೀನುಗಾರರ ಮನೆಯ ಹುಡುಗಿ. ನಾನು ಮೊದಲ ಬೆಂಚು. ಅಪ್ಪ ಸಹಕಾರಿ ಸಂಘದ ಗುಮಾಸ್ತರು. ಅವಳ ಅಕ್ಷರ ಕೋಳಿ ಕೆದಕಿದ ಹಾಗೆ, ನನ್ನದು ಅಚ್ಚು ಹೊಡೆದ ಹಾಗೆ. ಗಣಿತದಲ್ಲಿ ಮಾತ್ರ ನಾವಿಬ್ಬರೂ ಒಂದೊಂದು ಪರೀಕ್ಷೆಗೆ ಒಬ್ಬೊಬ್ಬರು ಮುಂದಿರುತ್ತಿದ್ದೆವು. ಸಂಜೆ ಲೈಟ್‌ಹೌಸಿನ ಬಂಡೆಯ ಬುಡದಲ್ಲಿ ಮರಳಿನ ಮೇಲೆ ಕೋಲಿನಿಂದ ಚಿತ್ರ ಬಿಡಿಸಿ ಲೆಕ್ಕ ಮಾಡುತ್ತಿದ್ದೆವು. ಅಲೆ ಬಂದು ಅಳಿಸುವ ಮೊದಲು ಸಾಧಿಸಬೇಕು ಎಂಬುದು ಅವಳು ಮಾಡಿದ ನಿಯಮ.

ಹತ್ತನೆಯ ತರಗತಿಯಲ್ಲಿ ಒಂದು ದಿನ ಟೀಚರ್ ಬೋರ್ಡಿನಲ್ಲಿ ಚಿತ್ರ ಬಿಡಿಸದೆಯೇ ಕೇಳಿದರು. "ಒಂದು ಚತುರ್ಭುಜ. ಒಂದು ಜೋಡಿ ಎದುರು ಬಾಹುಗಳು ಸಮಾಂತರ ಉಂಟು. ಇನ್ನೊಂದು ಜೋಡಿ ಎದುರು ಬಾಹುಗಳು ಉದ್ದದಲ್ಲಿ ಸಮ ಉಂಟು. ಇಷ್ಟಿದ್ದರೆ ಅದು ಸಮಾಂತರ ಚತುರ್ಭುಜ ಅಂತ ಹೇಳಲಿಕ್ಕೆ ಸಾಕಾ?"

"ಸಾಕು ಟೀಚರ್" ಎಂದು ಇಡೀ ತರಗತಿ ಕೂಗಿತು. ನಾನೂ ಕೂಗಿದೆ.

"ಸಾಲದು" ಎಂದಳು ವಾರಿಜ. ಎದ್ದು ಮುಂದೆ ಬಂದು ಟೀಚರ ಮೇಜಿನ ಮೇಲಿನ ಕಡ್ಡಿಗಳನ್ನು ಬಿಚ್ಚಿದಳು. ಕೆಳಗಿನ ಕಡ್ಡಿಯನ್ನು ಹಲ್ಲಿನಿಂದ ಕಚ್ಚಿ ಗಿಡ್ಡ ಮಾಡಿ ಮತ್ತೆ ಜೋಡಿಸಿ ಎತ್ತಿ ಹಿಡಿದಳು. "ಇದು ದೋಣಿ ಆಗ್ತದಲ್ಲ ಟೀಚರ್. ಮೇಲೆ ಅಂಚು, ಕೆಳಗೆ ತಳ, ಎರಡೂ ಸಮಾಂತರ. ಈಚೆ ತುದಿ, ಆಚೆ ತುದಿ, ಎರಡೂ ಸಮ. ಆದರೆ ಒಂದು ಈಚೆ ವಾಲಿದೆ, ಒಂದು ಆಚೆ ವಾಲಿದೆ."

"ಅವಳಿಗೆ ಎಲ್ಲಾ ದೋಣಿಯೇ" ಎಂದ ಯಾರೋ ಹುಡುಗ. ಎಲ್ಲರೂ ನಕ್ಕರು.

"ಕಾಪುವಿನಲ್ಲಿ ಹುಟ್ಟಿ ನಿಮಗೆ ಯಾರಿಗೂ ದೋಣಿ ಕಾಣಲಿಲ್ಲವಲ್ಲ, ಅದಕ್ಕೆ ನಗಬೇಕು" ಎಂದರು ಟೀಚರ್. ಆ ನಾಲ್ಕು ಕಡ್ಡಿಗಳನ್ನು ಅವರು ಮತ್ತೆ ಬಿಚ್ಚಲಿಲ್ಲ. ಹಾಗೆಯೇ ತೆಗೆದಿಟ್ಟರು.

ಆ ವರ್ಷ ಉಡುಪಿಯ ಒಂದು ವಿದ್ಯಾನಿಧಿಯವರು ಪರೀಕ್ಷೆ ನಡೆಸಿದರು. ಸುತ್ತಲಿನ ಹೈಸ್ಕೂಲುಗಳ ಹುಡುಗಿಯರಲ್ಲಿ ಒಬ್ಬಳಿಗೆ ಡಿಗ್ರಿ ಮುಗಿಯುವವರೆಗೆ ಫೀಸು ಮತ್ತು ಮಣಿಪಾಲದಲ್ಲಿ ಹಾಸ್ಟೆಲ್. ಒಂದೇ ಜಾಗ. ಆ ಜಾಗ ಸಿಗದಿದ್ದರೆ ವಾರಿಜ ಓದು ನಿಲ್ಲಿಸುವುದು ಖಚಿತವಾಗಿತ್ತು. ನನ್ನ ಅಪ್ಪ "ನೋಡುವ, ಏನಾದರೂ ಮಾಡುವ" ಎಂದಿದ್ದರು. ಆ 'ಏನಾದರೂ' ಏನು ಎಂದು ಅವರಿಗೂ ತಿಳಿದಿರಲಿಲ್ಲ, ನನಗೂ ತಿಳಿದಿರಲಿಲ್ಲ. ಟೀಚರ್ ನಮ್ಮಿಬ್ಬರನ್ನೂ ದಿನಾ ಶಾಲೆ ಬಿಟ್ಟ ಮೇಲೆ ಒಂದು ಗಂಟೆ ಕೂರಿಸಿಕೊಂಡು ಕಲಿಸಿದರು. ಯಾರಿಗೆ ಸಿಗಬೇಕೆಂದು ಅವರಿಗೆ ಇಷ್ಟವಿತ್ತು ಎಂಬುದನ್ನು ಅವರ ಮುಖದಲ್ಲಿ ಓದಲು ನಾನು ತುಂಬ ಪ್ರಯತ್ನಿಸಿದೆ. ಆಗಲಿಲ್ಲ.

ಪ್ರಶ್ನೆಪತ್ರಿಕೆಯ ಕೊನೆಯಲ್ಲಿ ಎಂಟು ಅಂಕದ ಪ್ರಶ್ನೆಯೊಂದಿತ್ತು. ಒಂದು ಜೋಡಿ ಎದುರು ಬಾಹುಗಳು ಸಮಾಂತರ, ಇನ್ನೊಂದು ಜೋಡಿ ಎದುರು ಬಾಹುಗಳು ಸಮ. ಹಾಗಿದ್ದರೆ ಅದು ಸಮಾಂತರ ಚತುರ್ಭುಜ ಎಂದು ಸಾಧಿಸಿ. ಅದರ ಕೆಳಗೆ 'ಅಥವಾ' ಎಂದು ವೃತ್ತದ ಸ್ಪರ್ಶಕಗಳ ಬಗ್ಗೆ ಇನ್ನೊಂದು.

ಪ್ರಶ್ನೆ ಹಾಕಿದವರು ತಪ್ಪಿರಲಾರರು ಎಂದು ನಾನು ನಂಬಿದೆ ಎಂದರೆ ಸುಳ್ಳಾಗುತ್ತದೆ. ಓದಿದ ಕೂಡಲೇ ದೋಣಿ ಕಂಡಿತು. ವೃತ್ತದ ಪ್ರಶ್ನೆ ನನಗೆ ಸರಿಯಾಗಿ ಬರುತ್ತಿರಲಿಲ್ಲ. ನಾನು ವಾಲಿದ ಅಂದವಾದ ಸಮಾಂತರ ಚತುರ್ಭುಜವೊಂದನ್ನು ಬಿಡಿಸಿ, ಮೂಲೆಯಿಂದ ಮೂಲೆಗೆ ಕರ್ಣ ಎಳೆದೆ. ಎರಡು ತ್ರಿಭುಜಗಳಾದವು. ಎರಡು ಬಾಹುಗಳು, ಒಂದು ಕೋನ ಸಮ ಎಂದು ತೋರಿಸಿ, ಆದ್ದರಿಂದ ತ್ರಿಭುಜಗಳು ಸರ್ವಸಮ ಎಂದು ಬರೆದೆ. ಹಾಗೆ ಹೇಳಬೇಕಾದರೆ ಆ ಕೋನ ಎರಡು ಬಾಹುಗಳ ನಡುವೆ ಇರಬೇಕು. ಇಲ್ಲಿ ಅದು ನಡುವೆ ಇರಲಿಲ್ಲ, ಪಕ್ಕದಲ್ಲಿತ್ತು. ಮೋಸ ಇರುವುದು ಆ ಒಂದು ಸಾಲಿನಲ್ಲಿ ಎಂದು ನನಗೆ ಗೊತ್ತಿತ್ತು. ಅದಕ್ಕೇ ಆ ಸಾಲನ್ನು ಉಳಿದ ಸಾಲುಗಳಿಗಿಂತ ಹೆಚ್ಚು ಅಂದವಾಗಿ ಬರೆದೆ.

ಹೊರಗೆ ಟೀಚರ್ ಕಾಯುತ್ತಿದ್ದರು. ವಾರಿಜ ಓಡಿಹೋಗಿ ಹೇಳಿದಳು: "ನಮ್ಮ ದೋಣಿ ಬಂದಿತ್ತು ಟೀಚರ್! ಸಾಧಿಸಲಿಕ್ಕೆ ಆಗುವುದಿಲ್ಲ ಅಂತ ಬರೆದು ಚಿತ್ರ ಹಾಕಿ ತೋರಿಸಿದೆ."

"ಅಯ್ಯೋ, ವೃತ್ತದ್ದು ನಿನಗೆ ಬರ್ತಿತ್ತಲ್ಲ. ಅದನ್ನು ತೆಗೊಳ್ಳಬಹುದಿತ್ತು ಮಗಾ."

"ತಪ್ಪು ಕಣ್ಣಿಗೆ ಕಂಡ ಮೇಲೆ ಬಿಟ್ಟು ಹೋಗಲಿಕ್ಕೆ ಮನಸ್ಸಾಗಲಿಲ್ಲ."

ಟೀಚರ್ ನಕ್ಕು ಅವಳ ಬೆನ್ನಿಗೆ ಮೆಲ್ಲಗೆ ಗುದ್ದಿದರು. ಆಮೇಲೆ ನನ್ನ ಕಡೆ ತಿರುಗಿ, "ನೀನೂ ಹಾಗೇ ಬರೆದಿಯಲ್ಲ?" ಎಂದರು. ನಾನು ಹೌದೆಂದು ತಲೆಯಾಡಿಸಿದೆ.

ಫಲಿತಾಂಶ ಬಂದಾಗ ಜಾಗ ನನಗೆ ಸಿಕ್ಕಿತ್ತು. ನನಗಿಂತ ಐದು ಅಂಕ ಕಡಿಮೆಯಾಗಿ ಎರಡನೆಯವಳು ವಾರಿಜ. ಆ ಪ್ರಶ್ನೆಗೆ ಅವಳಿಗೆ ಸೊನ್ನೆ, ನನಗೆ ಎಂಟು ಬಿದ್ದಿದೆ ಎಂದು ಟೀಚರ್ ಹೇಗೋ ತಿಳಿದುಕೊಂಡರು. ನನಗೆ ಅದೇ ಉತ್ತರಕ್ಕೆ ಎಂಟು ಕೊಟ್ಟವರು ಅವಳಿಗೆ ಸೊನ್ನೆ ಕೊಟ್ಟದ್ದು ಹೇಗೆ ಎಂಬುದು ಅವರ ಲೆಕ್ಕ. "ಕಾಗದ ಬರೆದರೆ ಆಗುವುದಿಲ್ಲ. ನಾವೇ ಹೋಗುವ. ತಪ್ಪು ಅವರದ್ದು, ಇನ್ನೊಂದು ಜಾಗ ಮಾಡಿಕೊಡಲಿ. ನೀನೂ ಬಾ. ನಿನ್ನ ಉತ್ತರ ಇವಳಿಗೆ ಸಾಕ್ಷಿ" ಎಂದು ನನಗೆ ಹೇಳಿದರು.

ಕಾಪುವಿನಿಂದ ಉಡುಪಿಗೆ ಬಸ್ಸಿನಲ್ಲಿ ಎಷ್ಟು ಮಹಾ ದೂರ! ಕಟಪಾಡಿ ಬರುವಷ್ಟರಲ್ಲಿ ಹೇಳಿಬಿಡಬೇಕು ಎಂದುಕೊಂಡೆ. ಕಟಪಾಡಿ ದಾಟಿತು. ಉದ್ಯಾವರದ ಸೇತುವೆಯ ಮೇಲೆ ಹೇಳುತ್ತೇನೆ ಎಂದುಕೊಂಡೆ. ಸೇತುವೆಯ ಮೇಲೆ ವಾರಿಜ ಕಿಟಕಿಯಿಂದ ಹೊಳೆಯ ದೋಣಿಯೊಂದನ್ನು ತೋರಿಸಿ, "ನೋಡು, ನಮ್ಮ ಎಂಟು ಮಾರ್ಕು ಹೋಗ್ತಾ ಉಂಟು" ಎಂದು ನಕ್ಕಳು. ಟೀಚರೂ ನಕ್ಕರು. ಅವರ ಮಡಿಲಲ್ಲಿ ಕಂಪಾಸ್ ಪೆಟ್ಟಿಗೆ, ಅದರೊಳಗೆ ಕಡ್ಡಿಯ ದೋಣಿ.

ಕಡಿಯಾಳಿಯ ಹತ್ತಿರ ಒಂದು ಮನೆಯ ಚಾವಡಿಯಲ್ಲಿ ವಿದ್ಯಾನಿಧಿಯ ಕಚೇರಿ. ವಾರಿಜನನ್ನು ಜಗಲಿಯ ಬೆಂಚಿನಲ್ಲಿ ಕೂರಿಸಿ ನನ್ನನ್ನು ಮಾತ್ರ ಟೀಚರ್ ಒಳಗೆ ಕರೆದುಕೊಂಡು ಹೋದರು. ಕಾರ್ಯದರ್ಶಿಗಳು ಹಿರಿಯರು, ಸೌಮ್ಯವಾಗಿ ಮಾತನಾಡುವವರು. ನಮಗೆ ಮಜ್ಜಿಗೆ ಕೊಡಿಸಿದರು. ಟೀಚರ್ ಮೇಜಿನ ಮೇಲೆ ಕಡ್ಡಿಯ ದೋಣಿಯನ್ನು ನಿಲ್ಲಿಸಿ ವಿವರಿಸಿದರು. ಇದು ಸಮಾಂತರ, ಇದು ಸಮ, ಆದರೂ ಇದು ಸಮಾಂತರ ಚತುರ್ಭುಜ ಅಲ್ಲ. ಆದ್ದರಿಂದ ಪ್ರಶ್ನೆಯೇ ತಪ್ಪು.

"ಕಡ್ಡಿಯಲ್ಲಿ ಎಂತ ಬೇಕಾದರೂ ಮಾಡಬಹುದು ಟೀಚರೇ, ಅದು ಬಗ್ಗುತ್ತದೆ" ಎಂದು ಅವರು ನಕ್ಕರು. "ಪ್ರಶ್ನೆ ತೆಗೆದವರು ದೊಡ್ಡ ಅನುಭವಸ್ಥರು. ಅದೂ ಅಲ್ಲದೆ, ನಿಮ್ಮದೇ ಶಾಲೆಯ ಹುಡುಗಿ ಇದನ್ನು ಎಷ್ಟು ಚೊಕ್ಕವಾಗಿ ಸಾಧಿಸಿದ್ದಾಳೆ ನೋಡಿ. ನಿಮ್ಮ ಪಕ್ಕದಲ್ಲೇ ಇದ್ದಾಳಲ್ಲ!"

ಕಟ್ಟು ಬಿಚ್ಚಿ ನನ್ನ ಉತ್ತರಪತ್ರಿಕೆಯನ್ನು ತೆಗೆದು ಟೀಚರ ಮುಂದೆ ಇಟ್ಟರು.

ಟೀಚರ್ ಕನ್ನಡಕ ಹಾಕಿಕೊಂಡರು. ಕಿರುಬೆರಳು ಒಂದೊಂದೇ ಸಾಲಿನ ಕೆಳಗೆ ಸರಿಯುತ್ತಾ ಹೋಯಿತು. ದತ್ತ. ಸಾಧನೀಯ. ರಚನೆ. ಆಮೇಲೆ ಆ ಅಂದವಾದ ಸಾಲಿನ ಕೆಳಗೆ ನಿಂತಿತು. ಅಲ್ಲಿಂದ ಸರಿಯಲಿಲ್ಲ. ಕಾಗದದ ಮೇಲೆ ಸೀಮೆಸುಣ್ಣದ ಒಂದು ಸಣ್ಣ ಬಿಳಿ ಗುರುತು ಮೂಡಿತು.

"ಈ ಸಾಲು..." ಎಂದರು.

"ಹೇಳಿ ಟೀಚರೇ. ಈ ಸಾಲಿನಲ್ಲಿ ತಪ್ಪು ಉಂಟು ಅಂತ ನೀವು ಹೇಳಿದರೆ ನಾನು ಬರೆದುಕೊಳ್ಳುತ್ತೇನೆ. ನನಗೆ ಗಣಿತ ಅಷ್ಟು ಬರುವುದಿಲ್ಲ, ನೀವು ಹೇಳಿದ್ದನ್ನು ಸಮಿತಿಯ ಮುಂದೆ ಇಡುತ್ತೇನೆ. ಆದರೆ ಆಗ ಇವಳ ಎಂಟು ಅಂಕ ಹೋಗ್ತದೆ. ಜಾಗ ಹೊರಗೆ ಕೂತ ಹುಡುಗಿಗೆ. ಇಬ್ಬರೂ ನಿಮ್ಮ ಮಕ್ಕಳೇ ಅಲ್ವಾ? ಹೇಳಿ."

ಅವರು ಪೆನ್ನಿನ ಟೊಪ್ಪಿ ತೆಗೆದು ಕಾದರು. ವ್ಯಂಗ್ಯವೇನೂ ಇರಲಿಲ್ಲ. ನಿಜವಾಗಿಯೂ ಬರೆದುಕೊಳ್ಳಲು ಸಿದ್ಧರಾಗಿದ್ದರು.

ಟೀಚರ್ ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ ನಾನೇ ಹೇಳುತ್ತಿದ್ದೆನೋ ಏನೋ. ಅವರು ನೋಡದಿದ್ದದ್ದರಿಂದ ನಾನು ಮಜ್ಜಿಗೆಯ ಲೋಟದಲ್ಲಿ ಕರಿಬೇವಿನ ಎಲೆಯೊಂದು ತಿರುಗುವುದನ್ನು ನೋಡುತ್ತಾ ಕುಳಿತೆ. ಹದಿನೈದು ವರ್ಷದ ಹುಡುಗಿಗೆ ಒಂದು ವಾಕ್ಯ ಹೇಳಲು ಎಷ್ಟು ಹೊತ್ತು ಬೇಕು? ಅಷ್ಟು ಹೊತ್ತು ಆ ಕೋಣೆಯಲ್ಲಿ ಇತ್ತು. ಅದಕ್ಕಿಂತ ಹೆಚ್ಚೇ ಇತ್ತು.

ಟೀಚರ್ ಕನ್ನಡಕ ತೆಗೆದರು. ಕಡ್ಡಿಯ ದೋಣಿಯನ್ನು ಕಂಪಾಸ್ ಪೆಟ್ಟಿಗೆಯೊಳಗೆ ಇಟ್ಟರು. ಅದು ಸರಿಯಾಗಿ ಹೊಂದದೆ ಮುಚ್ಚಳ ಮುಚ್ಚಲಿಲ್ಲ. ಇನ್ನೊಮ್ಮೆ ಒತ್ತಿದರು. "ಇಲ್ಲ, ಅಕ್ಷರ ಚೆನ್ನಾಗಿದೆ ಅಂತ ಹೇಳಲಿಕ್ಕೆ ಹೊರಟೆ" ಎಂದರು.

ಜಗಲಿಗೆ ಬಂದಾಗ ವಾರಿಜ ಎದ್ದು ನಿಂತಳು.

"ಅವರು ಒಪ್ಪುವುದಿಲ್ಲ ಮಗಾ" ಎಂದರು ಟೀಚರ್.

ವಾರಿಜ ನನ್ನ ಕಡೆ ತಿರುಗಿದಳು. "ಹಾಗಾದ್ರೆ ನಿನಗೆ ಹೇಗೆ ಎಂಟು ಕೊಟ್ರು? ನೀನು ಎಂತ ಬರೆದದ್ದು?"

ನಾನು ಬಾಯಿ ತೆರೆಯುವ ಮೊದಲೇ ಟೀಚರ್ ಉತ್ತರಿಸಿದರು. "ಅವಳು ವೃತ್ತದ ಪ್ರಶ್ನೆ ತೆಗೊಂಡದ್ದಂತೆ, ನನ್ನ ಹತ್ತಿರ ಸುಮ್ಮನೆ ತಲೆಯಾಡಿಸಿದ್ದು. ನಡೆಯಿರಿ, ಬಸ್ಸು ತಪ್ಪುತ್ತದೆ."

ಟೀಚರ್ ಸುಳ್ಳು ಹೇಳಿದ್ದನ್ನು ನಾನು ಕೇಳಿದ್ದು ಅದೊಂದೇ ದಿನ. ಹಿಂದಿರುಗುವಾಗ ಅವರು ನಮ್ಮಿಬ್ಬರ ನಡುವೆ ಕುಳಿತರು. ಕಾಪುವಿನಲ್ಲಿ ಇಳಿದಾಗ, ಹೆದ್ದಾರಿ ದಾಟಿಸಲು, ಎಂದಿನಂತೆ ಇಬ್ಬರ ಕೈಯನ್ನೂ ಹಿಡಿದುಕೊಂಡರು.

ಜೂನ್ ತಿಂಗಳಲ್ಲಿ ನಾನು ಮಣಿಪಾಲಕ್ಕೆ ಹೊರಟಾಗ ನನ್ನ ಟ್ರಂಕನ್ನು ಮನೆಯಿಂದ ತಲೆಯ ಮೇಲೆ ಹೊತ್ತು ತಂದು ಬಸ್ಸಿನ ಟಾಪಿಗೆ ದಾಟಿಸಿದವಳು ವಾರಿಜ. "ಎಂತ ತುಂಬಿಸಿದ್ದಿ ಮಾರಾಯ್ತಿ, ಕಲ್ಲಾ?" ಎಂದು ಬೈದಳು.

ಆಮೇಲೆ ನಾನು ಓದಿದೆ. ಎಂ.ಎಸ್ಸಿ. ಮುಗಿಸಿ ಈಗ ಕಾರ್ಕಳದ ಕಡೆಯ ಒಂದು ಕಾಲೇಜಿನಲ್ಲಿ ಗಣಿತ ಕಲಿಸುತ್ತೇನೆ. ವಾರಿಜ ತಾಯಿಯ ಜತೆ ಮೀನಿನ ಬುಟ್ಟಿ ಹಿಡಿದಳು. ಬೆಳಗ್ಗಿನ ಬಸ್ಸಿಗೆ ಕಾಪುವಿನಿಂದ ಮೀನು ತಂದು ಕಾರ್ಕಳ ಪೇಟೆಯಲ್ಲಿ ಮಾರುತ್ತಾಳೆ. ಮದುವೆಯಾಗಿದೆ, ಒಬ್ಬ ಮಗಳಿದ್ದಾಳೆ. ಶನಿವಾರ ಊರಿಗೆ ಬರುವ ಟೀಚರ್ ಅವಳ ಖಾಯಂ ಗಿರಾಕಿಯಾಗಿದ್ದರು. "ಬಂಗುಡೆ ಆರಿಸುವಾಗಲೂ ಎತ್ತಿ ಹಿಡಿದು ಒಂದು ಕಣ್ಣು ಮುಚ್ಚಿ ನೋಡ್ತಾರೆ" ಎಂದು ವಾರಿಜ ನನಗೆ ಹೇಳಿದ್ದಳು. "ಓರೆ ಇದ್ದರೆ ವಾಪಸು ಬುಟ್ಟಿಗೆ ಹಾಕ್ತಾರೆ. ಮೀನು ನೆಟ್ಟಗೆ ಇರ್ತದಾ, ನೀನೇ ಹೇಳು!"

ನಾನು ಟೀಚರನ್ನು ಭೇಟಿಯಾಗುವುದು ಕಡಿಮೆಯಾಗಿತ್ತು. ಕಾಪುವಿಗೆ ಹೋದಾಗ ಅವರ ಶಾಲೆಯ ಮುಂದಿನ ದಾರಿಯನ್ನು ಬಿಟ್ಟು ಪೋಸ್ಟಾಫೀಸಿನ ಕಡೆಯಿಂದ ಸುತ್ತಿ ಹೋಗುತ್ತಿದ್ದೆ. ಎದುರು ಸಿಕ್ಕಾಗ ಅವರು ಪ್ರೀತಿಯಿಂದಲೇ ಮಾತನಾಡುತ್ತಿದ್ದರು. "ಯಾವ ಪುಸ್ತಕ ಕಲಿಸ್ತೀ? ಮಕ್ಕಳು ಪ್ರಶ್ನೆ ಕೇಳ್ತಾರಾ?" ಎನ್ನುತ್ತಿದ್ದರು. ಆ ಪ್ರೀತಿಯಲ್ಲಿ ಒಂದು ಎಳೆ ಕಡಿಮೆಯಾಗಿದೆಯೇ ಎಂದು ನಾನು ಪ್ರತಿ ಸಲವೂ ಹುಡುಕುತ್ತಿದ್ದೆ. ಕಡಿಮೆಯಾಗಿರಲಿಲ್ಲ. ಆಗಿದ್ದರೆ ನನಗೆ ಸುಲಭವಾಗುತ್ತಿತ್ತು.

ಕಳೆದ ವರ್ಷ ಅವರಿಗೆ ಹೊಟ್ಟೆಯ ಕಾಯಿಲೆಯಾಗಿ ಮಣಿಪಾಲದ ಒಂದು ಆಸ್ಪತ್ರೆಯಲ್ಲಿ ಸೇರಿಸಿದರು. ಸೇವೆಯಿಂದ ನಿವೃತ್ತರಾಗಲು ಇನ್ನೂ ಸ್ವಲ್ಪ ಕಾಲವಿತ್ತು. ನಾನು ಒಬ್ಬಳೇ ಹೋದೆ. ಹಾಸಿಗೆಯಲ್ಲಿ ಅವರು ಇನ್ನೂ ಗಿಡ್ಡವಾಗಿ ಕಂಡರು. ಕಿರುಬೆರಳಿನ ಉಗುರು ಸ್ವಚ್ಛವಾಗಿತ್ತು. ಅದನ್ನು ನೋಡಿದಾಗ ಅವರು ಮತ್ತೆ ತರಗತಿಗೆ ಹೋಗಲಾರರು ಎಂದು ನನಗೆ ತಿಳಿಯಿತು.

ಸ್ವಲ್ಪ ಹೊತ್ತು ಅದೂ ಇದೂ ಮಾತನಾಡಿದ ಮೇಲೆ, "ಟೀಚರ್, ಆ ದಿನ ಕಡಿಯಾಳಿಯಲ್ಲಿ..." ಎಂದೆ.

ಅವರು ಕಣ್ಣು ಮುಚ್ಚಿಕೊಂಡೇ ಹೇಳಿದರು. "ಎರಡು ಮಕ್ಕಳು. ಜಾಗ ಒಂದು. ದತ್ತವೇ ಸಾಲದಿತ್ತು ಮಗಾ. ಅಷ್ಟರಲ್ಲಿ ಯಾರಿಗೂ ಏನೂ ಸಾಧಿಸಲಿಕ್ಕೆ ಆಗುವುದಿಲ್ಲ."

"ನಾನು ಹೇಳಬೇಕಿತ್ತು ಟೀಚರ್."

"ನಾನೂ ಹೇಳಬೇಕಿತ್ತು" ಎಂದರು. ಆಮೇಲೆ ನರ್ಸ್ ಬಂದಳು.

ನನ್ನನ್ನು ಅವರು ಕ್ಷಮಿಸಿದರೇ, ತಮ್ಮನ್ನು ತಾವು ಕ್ಷಮಿಸಿಕೊಂಡಿದ್ದರೇ, ನನಗೆ ತಿಳಿಯಲಿಲ್ಲ. ಇನ್ನೊಮ್ಮೆ ಬಂದು ಕೇಳುತ್ತೇನೆ ಎಂದು ಬಸ್ಸು ಹತ್ತಿದೆ. ಆ ಇನ್ನೊಮ್ಮೆ ಬರಲಿಲ್ಲ.

ಅವರನ್ನು ಕಾರ್ಕಳದ ಹತ್ತಿರ ಅವರ ಇಗರ್ಜಿಯ ಅಂಗಳದಲ್ಲಿ ಮಣ್ಣು ಮಾಡಿದರು. ವಾರಿಜ ಗೇಟಿನ ಹೊರಗೆ ಬುಟ್ಟಿ ಇಟ್ಟು, ಕೈ ತೊಳೆದುಕೊಂಡು ಒಳಗೆ ಬಂದಿದ್ದಳು. ಎಲ್ಲರಂತೆ ಒಂದು ಹಿಡಿ ಮಣ್ಣು ಹಾಕಿದಳು. ನಾನೂ ಹಾಕಿದೆ. ಹಿಂದಿರುಗುವಾಗ ಬಸ್‌ಸ್ಟ್ಯಾಂಡಿನ ಕಟ್ಟೆಯ ಮೇಲೆ ಇಬ್ಬರೂ ಕುಳಿತೆವು. ನಾವು ಆಡುವುದು ತುಳುವಿನಲ್ಲಿ.

"ನೀನು ಲೆಕ್ಚರರ್ ಆಗಿಯೂ ನಮ್ಮ ಹಾಗೆ ಬಸ್ಸಿಗೆ ಕಾಯ್ತೀಯಲ್ಲ" ಎಂದು ಅವಳು ಮೊದಲು ತಮಾಷೆ ಮಾಡಿದಳು. ಸೆರಗಿನಿಂದ ಮುಖ ಒರೆಸಿಕೊಂಡಳು. ಆಮೇಲೆ, ಏನನ್ನೋ ಲೆಕ್ಕ ಹಾಕುತ್ತಿದ್ದವಳಂತೆ ಕೇಳಿದಳು. "ಅಲ್ಲ, ಆ ಪರೀಕ್ಷೆಯಲ್ಲಿ ನೀನು ವೃತ್ತದ ಪ್ರಶ್ನೆ ತೆಗೊಂಡದ್ದು ಅಲ್ವಾ? ನಿನಗೆ ಅದು ಬರ್ತಿರಲಿಲ್ಲ. ಮರಳಿನಲ್ಲಿ ನಾನೇ ಎಷ್ಟು ಸಲ ಹೇಳಿಕೊಟ್ಟಿದ್ದೆ."

ನಾನು ಈಗಲಾದರೂ ಹೇಳಬಹುದಿತ್ತು. ಹೇಳಿದರೆ ಕಳೆದುಕೊಳ್ಳಲು ಯಾವ ಜಾಗವೂ ಉಳಿದಿರಲಿಲ್ಲ. ಆದರೆ ಹೇಳಿದರೆ, ಈಗಷ್ಟೇ ಮಣ್ಣು ಹಾಕಿ ಬಂದ ಟೀಚರ್ ಸುಳ್ಳು ಹೇಳಿದ್ದರು ಎಂದು ಅವಳಿಗೆ ತಿಳಿಯುತ್ತಿತ್ತು. ತನ್ನ ಎಂಟು ಅಂಕವನ್ನು ಅವರು ಕೈಯಲ್ಲಿ ಹಿಡಿದಿದ್ದೂ ಕೊಡಲಿಲ್ಲ ಎಂದು ತಿಳಿಯುತ್ತಿತ್ತು. ಹೀಗೆ ಯೋಚಿಸಿದ್ದು ಟೀಚರಿಗಾಗಿಯೋ ನನಗಾಗಿಯೋ, ನಾನು ಎಷ್ಟು ಬಗೆದು ನೋಡಿದರೂ ಗೊತ್ತಾಗುವುದಿಲ್ಲ.

"ಆ ದಿನ ಹೇಗೋ ಬಂತು" ಎಂದೆ.

"ಅದೃಷ್ಟ ನಿನ್ನದು" ಎಂದಳು ವಾರಿಜ. ಅವಳ ಬಸ್ಸು ಬಂತು. ಬುಟ್ಟಿಯನ್ನು ಸೊಂಟಕ್ಕೆ ಏರಿಸಿಕೊಂಡು ಹೋದಳು.

ಇದಾಗಿ ಹತ್ತು ದಿನವಾಗಿರಬಹುದು. ಮೊದಲ ವರ್ಷದ ತರಗತಿಯಲ್ಲಿ ಸದಿಶಗಳ ಪಾಠ ಮಾಡುತ್ತಿದ್ದೆ. ಒಂದು ಚತುರ್ಭುಜ ಸಮಾಂತರ ಚತುರ್ಭುಜವಾಗಲು ಏನೇನು ಬೇಕು ಎಂದು ಕೇಳುತ್ತಾ, ಅಭ್ಯಾಸಬಲದಿಂದ ಆ ಪ್ರಶ್ನೆಯೂ ಬಾಯಿಗೆ ಬಂದುಬಿಟ್ಟಿತು. ಒಂದು ಜೋಡಿ ಸಮಾಂತರ, ಇನ್ನೊಂದು ಜೋಡಿ ಸಮ; ಸಾಕಾ?

"ಸಾಕು ಮೇಡಂ" ಎಂದು ಮುಕ್ಕಾಲು ತರಗತಿ ಹೇಳಿತು.

ಹಿಂದಿನ ಸಾಲಿನಿಂದ ಮೂರು ಮಕ್ಕಳು ಒಟ್ಟಿಗೇ ನಕ್ಕರು. ಕಾಪುವಿನ ಕಡೆಯಿಂದ ಬಂದವರು. ಅವರಲ್ಲಿ ಒಬ್ಬಳು ಎದ್ದು, "ಸಾಲದು ಮೇಡಂ. ಅದು ವಾರಿಜನ ದೋಣಿ ಆಗ್ತದೆ" ಎಂದಳು.

ನಾನು ಸೀಮೆಸುಣ್ಣವನ್ನು ಮೇಜಿನ ಮೇಲೆ ಇಟ್ಟೆ. "ಎಂತ ದೋಣಿ?"

"ವಾರಿಜನ ದೋಣಿ. ಅದರ ಹೆಸರೇ ಹಾಗೆ ಅಲ್ವಾ ಮೇಡಂ? ನಮ್ಮ ಶಾಲೆಯಲ್ಲಿ ಟೀಚರ್ ಪ್ರತಿ ವರ್ಷ ಹಿಡಿಸೂಡಿ ಕಡ್ಡಿಯಲ್ಲಿ ಮಾಡಿದ್ದನ್ನು ತೋರಿಸ್ತಿದ್ರು. ಹಳೇದು, ಮುಟ್ಟಲಿಕ್ಕೆ ಬಿಡ್ತಿರಲಿಲ್ಲ. 'ಇದನ್ನು ಕಂಡುಹಿಡಿದವಳು ವಾರಿಜ. ದೊಡ್ಡವರೆಲ್ಲ ತಪ್ಪು ಹೇಳಿದಾಗ ಇವಳು ಸರಿ ಹೇಳಿದಳು' ಅಂತ ಬೋರ್ಡಿನಲ್ಲಿ ಬರೆಸಿ, ನಮ್ಮಿಂದ ಹೇಳಿಸ್ತಿದ್ರು."

ಪ್ರತಿ ವರ್ಷ. ಹತ್ತು ಹನ್ನೆರಡು ವರ್ಷ. ಕಾಪುವಿನ ಎಷ್ಟು ಮಕ್ಕಳು!

"ವಾರಿಜ ಯಾರು ಅಂತ ಹೇಳಿದ್ರಾ?" ಎಂದು ಕೇಳಿದೆ.

"ಇಲ್ಲ ಮೇಡಂ. ಯಾರೋ ದೊಡ್ಡ ಗಣಿತ ವಿದ್ವಾಂಸರು ಇರಬೇಕು. ನೀವೂ ಕಾಪುವಿನವರಲ್ವಾ, ನಿಮಗೆ ಗೊತ್ತುಂಟಾ?"

"ಗೊತ್ತುಂಟು" ಎಂದೆ.

"ಹೌದಾ! ಅವರು ಈಗ ಎಲ್ಲಿದ್ದಾರೆ ಮೇಡಂ?"

ಬೆಳಗ್ಗೆ ಹತ್ತೂವರೆಯ ಹೊತ್ತು. ಅವಳು ಬುಟ್ಟಿ ಇಳಿಸಿ, ಅರ್ಧ ಮಾರಿ ಮುಗಿಸಿರುವ ಹೊತ್ತು. "ಕಾರ್ಕಳದಲ್ಲೇ ಇದ್ದಾರೆ" ಎಂದೆ.

ಮೂವರ ಮುಖವೂ ಅರಳಿತು. ಆ ಹುಡುಗಿ ಬೆಂಚಿನಿಂದ ಅರ್ಧ ಹೊರಗೆ ಬಂದಳು.

"ಯಾವ ಕಾಲೇಜಿನಲ್ಲಿ ಮೇಡಂ?"